4294967297 ಹಾಕಿ ನೋಡಿದೆ: ಗಂಗಾವತಿಯಿಂದ ಒಂದು ಕ್ಯಾಲ್ಕುಲೇಟರ್ ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ, ಇದು ಕ್ಯಾಲ್ಕುಲೇಟರ್ ರಿವ್ಯೂ. ಕ್ಯಾಸಿಯೋ ಎಫ್‌ಎಕ್ಸ್-991ಇಎಸ್ ಪ್ಲಸ್. ಇಂಜಿನಿಯರಿಂಗ್ ಹುಡುಗರ ಬ್ಯಾಗಿನಲ್ಲಿ ಇರುತ್ತದಲ್ಲ, ಅದೇ. 417 ಫಂಕ್ಷನ್ ಇವೆ ಅಂತ ಕಂಪನಿ ಹೇಳುತ್ತದೆ. ನಾನು ನೋಡಿದ್ದು ನಾಲ್ಕೋ ಐದೋ. ಅದೂ ಒಂದೇ ಒಂದು ಸಂಖ್ಯೆ ಇಟ್ಟುಕೊಂಡು. ಸೈನು, ಕಾಸು, ಮ್ಯಾಟ್ರಿಕ್ಸು ಬೇಕಾದವರು ಬೇರೆ ರಿವ್ಯೂ ಓದಿ, ಬೇಜಾರಿಲ್ಲ.

ಒಂದೇ ಸಂಖ್ಯೆ ಯಾಕೆ ಅಂದರೆ, ನಾನು ಗಂಗಾವತಿಯಲ್ಲಿ ಒಂದು ಅಕ್ಕಿ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ಇಲ್ಲಿಗೆ ಬರುವ ವ್ಯಾಪಾರಿ ಲೋಡಿನ ಎಲ್ಲ ಚೀಲ ಬಿಚ್ಚಿಸುವುದಿಲ್ಲ. ಒಂದು ಚೀಲಕ್ಕೆ ಚುಚ್ಚಿ ಹಿಡಿ ಅಕ್ಕಿ ಅಂಗೈಗೆ ಹಾಕಿಕೊಳ್ಳುತ್ತಾನೆ, ಊದುತ್ತಾನೆ, ನುಚ್ಚು ಎಷ್ಟಿದೆ ನೋಡುತ್ತಾನೆ, ಎರಡು ಕಾಳು ಬಾಯಿಗೆ ಹಾಕಿ ಕಟಂ ಅನ್ನಿಸುತ್ತಾನೆ. ಅಷ್ಟರಲ್ಲಿ ರೇಟು ಮನಸ್ಸಿನಲ್ಲಿ ಆಗಿಹೋಗಿರುತ್ತದೆ. ಕ್ಯಾಲ್ಕುಲೇಟರಿಗೆ ನನ್ನ ಹಿಡಿ ಅಕ್ಕಿ ಎಂದರೆ 4294967297. ಬಿಎಸ್ಸಿ ಓದುವಾಗ ನಮ್ಮ ಗಣಿತದ ಮೇಷ್ಟ್ರು ಬೋರ್ಡಿನ ಮೇಲೆ ಬರೆದು, "ಇದರ ಹೊಟ್ಟೆಯಲ್ಲಿ ಏನಿದೆ ಹೇಳ್ರಿ ನೋಡೋಣ" ಅಂತ ಹೇಳಿ ಹೊರಗೆ ಚಹಾಕ್ಕೆ ಹೋಗಿಬಿಟ್ಟಿದ್ದರು. ಆವತ್ತಿನಿಂದ ಇದು ನನ್ನ ತಲೆಯಿಂದ ಇಳಿದಿಲ್ಲ. ಮೊಬೈಲ್ ನಂಬರ್ ಎರಡು ಸಲ ಬದಲಾಯಿತು, ಇದು ಮಾತ್ರ ಹಾಗೇ ಇದೆ.

ನಾನೂರಾ ಇಪ್ಪತ್ತೊಂಬತ್ತು ಕೋಟಿ ನಲವತ್ತೊಂಬತ್ತು ಲಕ್ಷ ಅರವತ್ತೇಳು ಸಾವಿರದ ಇನ್ನೂರಾ ತೊಂಬತ್ತೇಳು. ಹತ್ತು ಅಂಕಿ. ಈ ಹತ್ತು ಅಂಕಿ ಎನ್ನುವುದು ಮುಖ್ಯ, ಆಮೇಲೆ ಬರುತ್ತೇನೆ.

ಅಕ್ಕನ ಮಗಳಿಗೆ ಈ ವರ್ಷ ಇಂಜಿನಿಯರಿಂಗ್ ಸೀಟು ಸಿಕ್ಕಿತು. "ಮಾಮಾ, ಕ್ಯಾಲ್ಕುಲೇಟರ್ ನೀನೇ ಕೊಡಿಸಬೇಕು" ಅಂದಳು. ನಾನು ಶಾಣ್ಯಾತನ ಮಾಡಲು ಹೋಗಿ ಮೊದಲು ಆನ್‌ಲೈನಿನಲ್ಲಿ 240 ರೂಪಾಯಿಗೆ ಒಂದು ತರಿಸಿದೆ. ಕಂಪನಿ ಹೆಸರು ಬೇಡ. ಮೇಲೆ ಸೈಂಟಿಫಿಕ್ ಅಂತ ದೊಡ್ಡದಾಗಿ ಬರೆದಿತ್ತು, ಬಟನ್ ಎಲ್ಲಾ ಅದೇ ಥರ ಇದ್ದವು, ದೂರದಿಂದ ನೋಡಿದರೆ ಅಣ್ಣತಮ್ಮ. ಎರಡರ 32ನೇ ಘಾತ ಒತ್ತಿದೆ. 4.2949673 ಗುಣಿಲೆ ಹತ್ತರ 9ನೇ ಘಾತ ಎಂದಿತು. ಒಂದು ಸೇರಿಸಿದೆ. ಮತ್ತೆ ಅದೇ, 4.2949673. ಎಂಟೇ ಅಂಕಿ ತೋರಿಸುವ ಪರದೆ ಅದು. ಸೇರಿಸಿದ ಒಂದನ್ನು ನುಂಗಿ ನೀರು ಕುಡಿಯಿತು.

ಒಂದು ತಾನೇ, ಅದರಲ್ಲೇನು ಅಂತೀರಾ? ಈ ಜಾಗದಲ್ಲಿ ಒಂದು ಹೆಚ್ಚು ಕಡಿಮೆಯಾದರೆ ಮನೆಯೇ ಬೇರೆ. ಹೇಗೆ ಅಂತ ಅಂಗಡಿಯಲ್ಲಿ ನಡೆದದ್ದು ಹೇಳುತ್ತೇನೆ.

ಆ 240 ರೂಪಾಯಿಯದನ್ನು ವಾಪಸ್ ಕಳಿಸಿ, ರವಿವಾರ ಇಬ್ಬರೂ ಕೊಪ್ಪಳಕ್ಕೆ ಹೋದೆವು. ಜವಾಹರ ರಸ್ತೆಯ ಕಡೆ ಒಂದು ಹಳೇ ಪುಸ್ತಕದ ಅಂಗಡಿ, ಹೊರಗೆ ನೋಟ್‌ಬುಕ್ಕಿನ ಗಂಟು, ಒಳಗೆ ಒಬ್ಬರೇ ಹಿರಿಯರು. 991 ಕೇಳಿದೆ. "ತಗೋರಿ ಸರ, ಎಲ್ಲಾ ಇಂಜಿನಿಯರಿಂಗ್ ಹುಡುಗರು ಇದನ್ನ ಒಯ್ತಾರ್ರಿ" ಅಂದರು. ಬಿಚ್ಚಿ ನೋಡಬಹುದಾ ಅಂದೆ. ಸೀಲ್ ಒಡೆದರೆ ವಾಪಸ್ ಇಲ್ಲ ಅನ್ನುತ್ತಾರೆ ಅಂದುಕೊಂಡಿದ್ದೆ, ಅವರು ತಾವೇ ಒಡೆದು ಕೈಗೆ ಕೊಟ್ಟರು. ಅಂಗಡಿಗೆ ಐದಕ್ಕೆ ಐದು ಅಲ್ಲೇ ಹೋಯಿತು.

ಈ ಯಂತ್ರದಲ್ಲಿ ಒಂದು ಬಟನ್ ಇದೆ. ಡಿಗ್ರಿ, ನಿಮಿಷ, ಸೆಕೆಂಡಿನ ಗುರುತು ಇರುವ ಬಟನ್. ಅದರ ಮೇಲೆ ಸಣ್ಣಗೆ ಫ್ಯಾಕ್ಟ್ ಅಂತ ಬರೆದಿದೆ. ಸಂಖ್ಯೆ ಹಾಕಿ, ಈಕ್ವಲ್ ಒತ್ತಿ, ಶಿಫ್ಟ್ ಒತ್ತಿ, ಆ ಬಟನ್ ಒತ್ತಿದರೆ ಸಂಖ್ಯೆಯನ್ನು ಅವಿಭಾಜ್ಯಗಳಾಗಿ ಬಿಡಿಸಿ ತೋರಿಸುತ್ತದೆ. 12 ಹಾಕಿದರೆ ಎರಡರ ವರ್ಗ ಗುಣಿಲೆ ಮೂರು, ಹೀಗೆ. ಹತ್ತು ಅಂಕಿಯವರೆಗೆ ಮಾತ್ರ. ನಮ್ಮ ಸಂಖ್ಯೆ ಸರಿಯಾಗಿ ಹತ್ತು ಅಂಕಿ. ಅಳತೆ ಕೊಟ್ಟು ಹೊಲಿಸಿದ ಅಂಗಿಯಂತೆ ಕೂರುತ್ತದೆ.

ಮೊದಲು ಹಿಂದಿನ ಮನೆ, 4294967296 ಹಾಕಿದೆ. ಬಂದದ್ದು ಎರಡರ 32ನೇ ಘಾತ, ಅಷ್ಟೇ. ಬರೀ ಎರಡು, ಎರಡು, ಎರಡು. ಅದಕ್ಕೂ ಹಿಂದಿನದು, 4294967295. ಬಂದದ್ದು 3×5×17×257×65537. ಎರಡು ಒಂದೂ ಇಲ್ಲ. ಆಮೇಲೆ ನಮ್ಮದು, 4294967297. ಸ್ವಲ್ಪ ಹೊತ್ತು ತೆಗೆದುಕೊಂಡು ಪರದೆ ಮೇಲೆ ಬಂತು:

641×(6700417)

ಅಕ್ಕಪಕ್ಕದ ಮೂರು ಸಂಖ್ಯೆಗಳು. ಒಂದರ ಹೊಟ್ಟೆಯಲ್ಲಿ ಇದ್ದದ್ದು ಇನ್ನೊಂದರಲ್ಲಿ ಇಲ್ಲವೇ ಇಲ್ಲ. ಎಂಟು ಅಂಕಿಯ ಪರದೆಗೆ ಮಾತ್ರ ಮೂರೂ ಒಂದೇ. ಆ 240 ರೂಪಾಯಿಯದು ನಮ್ಮ ಮನೆಗೆ ಬೇಡವಾದದ್ದು ಇದಕ್ಕೆ.

ಆದರೆ ನನ್ನ ಕಣ್ಣು ಬಿದ್ದದ್ದು ಬ್ರಾಕೆಟ್ಟಿನ ಮೇಲೆ. 65537ಕ್ಕೆ ಬ್ರಾಕೆಟ್ ಇರಲಿಲ್ಲ, 6700417ಕ್ಕೆ ಇದೆ. ಹುಡುಗಿಯೂ ಅದನ್ನೇ ಕೇಳಿದಳು. "ಮಾಮಾ, ಇದೇನು ಬ್ರಾಕೆಟ್?" ಅಂಗಡಿಯವರೂ ಕನ್ನಡಕ ಏರಿಸಿ ಬಗ್ಗಿ ನೋಡಿದರು. "ಪ್ರಿಂಟಿಂಗ್ ಮಿಸ್ಟೇಕ್ ಇರಬೇಕ್ರಿ" ಅಂದರು. ಅಲ್ಲ. ಅದು ಈ ಯಂತ್ರದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ ವಿಷಯ, ಅದಕ್ಕೇ ಈ ರಿವ್ಯೂ ಬರೆಯುತ್ತಿರುವುದು.

ಯಂತ್ರ ಏನು ಮಾಡುತ್ತದೆ ಎಂದರೆ, ಮೂರು ಅಂಕಿಯವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡುತ್ತದೆ. 2, 3, 5 ಅಂತ ಶುರುವಾಗಿ 997ರವರೆಗೆ. ಅಲ್ಲಿಗೆ ಅದರ ಡ್ಯೂಟಿ ಮುಗಿಯಿತು. 997 ಆದಮೇಲಿನ ಅವಿಭಾಜ್ಯ 1009. ಅದರ ವರ್ಗ 1018081. ಉಳಿದದ್ದು ಇದಕ್ಕಿಂತ ಸಣ್ಣದಾಗಿದ್ದರೆ ಅದು ಅವಿಭಾಜ್ಯವೇ, ಅನುಮಾನ ಬೇಡ. ಒಡೆಯುವುದಿದ್ದರೆ 997ರೊಳಗೆ ಒಡೆದಿರುತ್ತಿತ್ತು. 65537 ಸಣ್ಣದು, ಆದ್ದರಿಂದ ಬ್ರಾಕೆಟ್ ಇಲ್ಲ. 6700417 ದೊಡ್ಡದು. ಅದರೊಳಗೆ ಇನ್ನೂ ಏನಾದರೂ ಅಡಗಿರಬಹುದು, ಇಲ್ಲದೆಯೂ ಇರಬಹುದು. ಯಂತ್ರಕ್ಕೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಬ್ರಾಕೆಟ್ ಒಳಗೆ ಇಟ್ಟು ನಮ್ಮ ಕೈಗೆ ಕೊಡುತ್ತದೆ. ನಮ್ಮ ಮಿಲ್ಲಿನಲ್ಲಿ ತೂಕ ಮಾಡದ ಚೀಲಕ್ಕೆ ಸೀಮೆಸುಣ್ಣದಲ್ಲಿ ಗುಂಡಗೆ ಗುರುತು ಹಾಕಿ ಬದಿಗಿಡುತ್ತಾರಲ್ಲ, ಹಾಗೆ.

ಸರಿ, ಆ ಬದಿಗಿಟ್ಟ ಚೀಲ ತೂಗುವುದು ಹೇಗೆ? ಅಲ್ಲಿಗೆ ಹೋಗುವ ಮೊದಲು ಈ ಸಂಖ್ಯೆಯ ಕಥೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮಜಾ ಬರುವುದಿಲ್ಲ.

ಎರಡು ತೆಗೆದುಕೊಳ್ಳಿ. ಒಂದು ಸೇರಿಸಿದರೆ 3. ಎರಡರ ವರ್ಗ 4, ಒಂದು ಸೇರಿಸಿದರೆ 5. ನಾಲ್ಕರ ವರ್ಗ 16, ಒಂದು ಸೇರಿಸಿದರೆ 17. ಹದಿನಾರರ ವರ್ಗ 256, ಒಂದು ಸೇರಿಸಿದರೆ 257. ಅದರ ವರ್ಗ 65536, ಸೇರಿಸಿದರೆ 65537. ಐದೂ ಅವಿಭಾಜ್ಯ. ಫ್ರಾನ್ಸಿನ ಗಣಿತಜ್ಞ ಫರ್ಮಾ ಇದನ್ನು ನೋಡಿ 1640ರಲ್ಲಿ ಗೆಳೆಯರಿಗೆ ಪತ್ರ ಬರೆದು, ಹೀಗೆ ಎಷ್ಟು ದೂರ ಹೋದರೂ ಅವಿಭಾಜ್ಯವೇ ಬರುತ್ತದೆ ಅಂತ ನನ್ನ ನಂಬಿಕೆ ಅಂದ. ಸಾಧಿಸಿ ತೋರಿಸಲು ಆಗಲಿಲ್ಲ. ಆರನೆಯದು ಯಾವುದು? 65536ರ ವರ್ಗಕ್ಕೆ ಒಂದು ಸೇರಿಸಿ. ಬರುವುದು 4294967297. ಫರ್ಮಾ ಎಡವಿದ್ದು ಇಲ್ಲೇ. ಐದು ಮಾವು ಸಿಹಿ ಇದ್ದವು ಅಂತ ಬುಟ್ಟಿ ಪೂರ್ತಿ ಕೊಂಡವನ ಕಥೆ. 65537 ಆದಮೇಲೆ ಈ ಸಾಲಿನಲ್ಲಿ ಇವತ್ತಿನವರೆಗೆ ಇನ್ನೊಂದು ಅವಿಭಾಜ್ಯ ಸಿಕ್ಕಿಲ್ಲ!

ತೊಂಬತ್ತು ವರ್ಷ ಯಾರೂ ಇದನ್ನು ಒಡೆಯಲಿಲ್ಲ. 1729ರಲ್ಲಿ ಗೋಲ್ಡ್‌ಬಾಖ್ ಎಂಬವನು ಆಯ್ಲರ್ ಎಂಬ ಗಣಿತಜ್ಞನಿಗೆ ಪತ್ರ ಬರೆದು, ಫರ್ಮಾ ಹೀಗಂದಿದ್ದಾನೆ, ಗೊತ್ತಾ ಅಂತ ಕೇಳಿದ. 1732ರಲ್ಲಿ ಆಯ್ಲರ್ ಉತ್ತರ ಕೊಟ್ಟ: 641ರಿಂದ ಭಾಗ ಹೋಗುತ್ತದೆ. ಆಗ ಅವನಿಗೆ 25 ವರ್ಷ. ಸುಮ್ನೆ ಕೂತು 3, 7, 11 ಅಂತ ಭಾಗಿಸುತ್ತಾ ಹೋದರೆ 641 ಬರುವಷ್ಟರಲ್ಲಿ ನೂರಕ್ಕೂ ಜಾಸ್ತಿ ಭಾಗಾಕಾರ ಆಗುತ್ತದೆ, ಮಧ್ಯೆ ಒಂದು ತಪ್ಪಿದರೆ ಮುಗಿಯಿತು. ಆಯ್ಲರ್ ಕಂಡುಕೊಂಡದ್ದು ಬೇರೆ ದಾರಿ. ಈ ಸಂಖ್ಯೆಯನ್ನು ಭಾಗಿಸುವ ಅವಿಭಾಜ್ಯ ಯಾವುದೇ ಇರಲಿ, ಅದನ್ನು 64ರಿಂದ ಭಾಗಿಸಿದರೆ 1 ಉಳಿಯಲೇಬೇಕು. ಅಂಥವು 65, 129, 193, 257 ಹೀಗೆ. ಅದರಲ್ಲಿ ಅವಿಭಾಜ್ಯಗಳನ್ನಷ್ಟೇ ಆರಿಸಿದರೆ 193, 257, 449, 577, 641. ಐದನೆಯದಕ್ಕೇ ಕೆಲಸ ಮುಗಿಯಿತು. ಗೋಡೌನಿನ ಎಲ್ಲ ಚೀಲ ಎತ್ತಿ ನೋಡುವುದು ಬೇರೆ, ಐದು ಚೀಲಕ್ಕೆ ಬೆರಳು ತೋರಿಸಿ ಇವುಗಳಲ್ಲೇ ಇದೆ ಅನ್ನುವುದು ಬೇರೆ.

641 ಭಾಗಿಸುತ್ತದೆ ಅಂತ ಕ್ಯಾಲ್ಕುಲೇಟರೇ ಇಲ್ಲದೆಯೂ ತೋರಿಸಬಹುದು. ಇದನ್ನು ಬಸ್ಸಿನಲ್ಲಿ ಬರುವಾಗ ಟಿಕೆಟ್ಟಿನ ಹಿಂದೆ ಹುಡುಗಿಗೆ ಬರೆದು ತೋರಿಸಿದೆ. 641 ಎಂದರೆ 5×128+1. ಹಾಗೆಯೇ 625+16 ಕೂಡ. ಈಗ 641ರಿಂದ ಭಾಗಿಸಿದಾಗ ಉಳಿಯುವ ಶೇಷವನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ. ಮೊದಲನೆಯ ಪ್ರಕಾರ 5×128 ಎಂದರೆ ಮೈನಸ್ ಒಂದು. ಅದನ್ನು ನಾಲ್ಕು ಸಲ ತನ್ನಿಂದಲೇ ಗುಣಿಸಿ. 5ರ ನಾಲ್ಕನೇ ಘಾತ 625, 128ರ ನಾಲ್ಕನೇ ಘಾತ ಎರಡರ 28ನೇ ಘಾತ, ಉತ್ತರ ಪ್ಲಸ್ ಒಂದು. ಎರಡನೆಯ ಪ್ರಕಾರ 625 ಎಂದರೆ ಮೈನಸ್ 16. 625 ತೆಗೆದು ಆ ಜಾಗಕ್ಕೆ ಮೈನಸ್ 16 ಹಾಕಿ. 16 ಎಂದರೆ ಎರಡರ 4ನೇ ಘಾತ, 28ಕ್ಕೆ 4 ಸೇರಿದರೆ 32. ಅಂದರೆ ಎರಡರ 32ನೇ ಘಾತ ಮೈನಸ್ ಒಂದು. ಅದಕ್ಕೆ ಒಂದು ಸೇರಿಸಿದರೆ ಸೊನ್ನೆ. ಶೇಷ ಸೊನ್ನೆ, ಭಾಗ ಹೋಯಿತು. ಗಿಣಿಗೇರಾ ದಾಟುವಷ್ಟರಲ್ಲಿ ಅವಳಿಗೆ ಅರ್ಥವಾಯಿತು. ಪಕ್ಕದಲ್ಲಿ ಕೂತ ಅಜ್ಜ ನಾವು ಮಟಕಾ ನಂಬರ್ ಬರೆಯುತ್ತಿದ್ದೇವೆ ಅಂದುಕೊಂಡು ಎರಡು ಸಲ ಕೇಳಿದರು.

ಈಗ ಬ್ರಾಕೆಟ್ಟಿಗೆ ಬರೋಣ. 6700417 ಇನ್ನೂ ಒಡೆಯುತ್ತದೆಯೇ? ಅದರ ವರ್ಗಮೂಲ 2588ರ ಚೂರು ಮೇಲೆ. ಅಲ್ಲಿಯವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು, ಆದರೆ ಅವು ಮುನ್ನೂರಕ್ಕೂ ಜಾಸ್ತಿ. ಮತ್ತೆ ಅದೇ ದಾರಿ ಹಿಡಿಯಬೇಕು. 6700417ನ್ನು ಭಾಗಿಸುವುದು ನಮ್ಮ ದೊಡ್ಡ ಸಂಖ್ಯೆಯನ್ನೂ ಭಾಗಿಸುತ್ತದೆ ಅಲ್ವಾ, ಹಾಗಾಗಿ ಅದೇ ನಿಯಮ ಇದಕ್ಕೂ. 1878ರಲ್ಲಿ ಲ್ಯೂಕಾ ಎಂಬವನು ಆ ನಿಯಮವನ್ನು ಇನ್ನೂ ಬಿಗಿ ಮಾಡಿದ, 64 ಅಲ್ಲ, 128 ಇಟ್ಟುಕೊಳ್ಳಿ ಅಂದ. 128ರಿಂದ ಭಾಗಿಸಿದರೆ ಒಂದು ಉಳಿಯುವ, 2588ರೊಳಗಿನ ಅವಿಭಾಜ್ಯಗಳು ಎಷ್ಟು ಗೊತ್ತಾ? 257, 641, 769, 1153, 1409. ಮುಗಿಯಿತು. ಐದೇ.

ಮನೆಗೆ ಬಂದು, ಅಕ್ಕ ಒಗ್ಗರಣೆ ಮಿರ್ಚಿ ತಂದಿಟ್ಟದ್ದು ಆರುತ್ತಿದ್ದರೂ, ಹುಡುಗಿ ಹೊಸ ಕ್ಯಾಲ್ಕುಲೇಟರಿನಲ್ಲಿ ಐದೂ ಮಾಡಿದಳು. 257ಕ್ಕೆ ಶೇಷ 170. 641ಕ್ಕೆ 44. 769ಕ್ಕೆ 120. 1153ಕ್ಕೆ 334. 1409ಕ್ಕೆ 622. ಒಂದಕ್ಕೂ ಸೊನ್ನೆ ಬರಲಿಲ್ಲ. ಅಂದರೆ 6700417 ಅವಿಭಾಜ್ಯ. ಯಂತ್ರ ಬ್ರಾಕೆಟ್ ಹಾಕಿ ಕೈಬಿಟ್ಟದ್ದನ್ನು ಐದು ಭಾಗಾಕಾರದಲ್ಲಿ ನಾವು ಬ್ರಾಕೆಟ್ ತೆಗೆದು ಹೊರಗೆ ತಂದೆವು. ಅದೂ ಅದೇ ಯಂತ್ರದಿಂದ! ಅವಳ ಮುಖ ನೋಡಬೇಕಿತ್ತು. ಸಾವಿರದ ಇನ್ನೂರು ರೂಪಾಯಿ ಅಲ್ಲಿಗೇ ವಸೂಲಾಯಿತು ಅಂತ ನನ್ನ ಲೆಕ್ಕ.

ಈ ಸಂಖ್ಯೆಗೆ ಇನ್ನೊಂದು ಗುಣ ಇದೆ. ಇದನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು. ಒಂದು ಎಲ್ಲರಿಗೂ ಕಾಣುತ್ತದೆ, 65536ರ ವರ್ಗ ಮತ್ತು 1ರ ವರ್ಗ. ಇನ್ನೊಂದು ಅಡಗಿದೆ: 62264ರ ವರ್ಗ ಮತ್ತು 20449ರ ವರ್ಗ. ಹಾಕಿ ನೋಡಿ, 3876805696 ಕೂಡಿಸು 418161601. ಸರಿಯಾಗಿ ನಮ್ಮ ಸಂಖ್ಯೆ. ಅವಿಭಾಜ್ಯ ಆಗಿದ್ದರೆ ಹೀಗೆ ಎರಡು ಥರ ಬರೆಯಲು ಆಗುತ್ತಲೇ ಇರಲಿಲ್ಲ, ಹೆಚ್ಚೆಂದರೆ ಒಂದೇ ಥರ. ಅಂದರೆ 641ರ ಹೆಸರೇ ಎತ್ತದೆ ಇದು ಒಡೆಯುತ್ತದೆ ಅಂತ ಹೇಳಬಹುದು. ಇದನ್ನೂ ಕ್ಯಾಲ್ಕುಲೇಟರಿನಲ್ಲಿ ಹಾಕಿದೆ, ಹತ್ತೂ ಅಂಕಿ ತಪ್ಪಿಲ್ಲದೆ ಬಂದವು. ಒಳಗೆ ಅದು 15 ಅಂಕಿ ಇಟ್ಟುಕೊಂಡು ಲೆಕ್ಕ ಮಾಡಿ ಹೊರಗೆ ಹತ್ತು ತೋರಿಸುತ್ತದೆ, ಅದಕ್ಕೆ ಈ ಅಳತೆಯ ಲೆಕ್ಕದಲ್ಲಿ ಭಯವಿಲ್ಲ.

ಬೇಸ್-ಎನ್ ಅಂತ ಒಂದು ಮೋಡ್ ಇದೆ, ಕಂಪ್ಯೂಟರ್ ಓದುವವರಿಗೆ. ಸಂಖ್ಯೆಯನ್ನು ಸೊನ್ನೆ ಒಂದುಗಳಲ್ಲಿ ತೋರಿಸುತ್ತದೆ. ಅಲ್ಲಿ 4294967297 ಹಾಕಿದರೆ ಮ್ಯಾಥ್ ಎರರ್. ಕೆಟ್ಟಿದೆ ಅಂದುಕೊಳ್ಳಬೇಡಿ. ಆ ಮೋಡ್‌ನಲ್ಲಿ 32 ಕೋಣೆ ಮಾತ್ರ, ಒಂದೊಂದರಲ್ಲಿ ಸೊನ್ನೆ ಇಲ್ಲವೇ ಒಂದು. 32 ಕೋಣೆಯನ್ನು ತುಂಬುವ ಬಗೆ ಒಟ್ಟು 4294967296. ಅದರಲ್ಲಿ ಅರ್ಧ ಮೈನಸ್ ಸಂಖ್ಯೆಗೆ ಕೊಟ್ಟಿದ್ದಾರೆ, ಹಾಗಾಗಿ ಪ್ಲಸ್ ಕಡೆ 2147483647ಕ್ಕೆ ನಿಲ್ಲುತ್ತದೆ. ನಮ್ಮ ಸಂಖ್ಯೆ ಅಲ್ಲಿ ಹಿಡಿಸಬೇಕಾದರೆ 33ನೇ ಕೋಣೆ ಬೇಕು: ಈ ತುದಿಗೆ ಒಂದು, ಆ ತುದಿಗೆ ಒಂದು, ನಡುವೆ 31 ಸೊನ್ನೆ. ಹಳೇ ಥರದ ಇಂಟರ್ನೆಟ್ ವಿಳಾಸಗಳು ಒಟ್ಟು ಇಷ್ಟೇ, 429 ಕೋಟಿ ಚಿಲ್ಲರೆ, ಅವು ಸಾಲದೆ ಬಂದದ್ದೂ ಇದೇ 32 ಕೋಣೆಯಿಂದ.

ಈಗ ಮಿಲ್ಲಿನ ಕ್ಯಾಲ್ಕುಲೇಟರಿಗೂ ನ್ಯಾಯ ಮಾಡಬೇಕು. ನನ್ನ ಟೇಬಲ್ ಮೇಲೆ 12 ಅಂಕಿಯ ದೊಡ್ಡ ಬಟನ್ನಿನದೊಂದಿದೆ, ತವುಡಿನ ಧೂಳು ಕುಡಿದು ಏಳನೇ ನಂಬರ್ ಎರಡು ಸಲ ಒತ್ತಬೇಕು. ಚದುರಂಗದ ಅಕ್ಕಿಕಾಳಿನ ಕಥೆ ಎಲ್ಲರಿಗೂ ಗೊತ್ತು: ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು. ಮಧ್ಯಾಹ್ನ ಲೋಡ್ ಇಲ್ಲದಾಗ ಅದರಲ್ಲಿ ದುಪ್ಪಟ್ಟು ಮಾಡುತ್ತಾ ಹೋದೆ. 40ನೇ ಮನೆಗೆ 549755813888. ಹನ್ನೆರಡು ಅಂಕಿ ಭರ್ತಿ. 41ನೇ ಮನೆಗೆ ಹದಿಮೂರು ಅಂಕಿ ಬೇಕು, ಯಂತ್ರ ಮೂಲೆಯಲ್ಲಿ ಇ ಅಂತ ತೋರಿಸಿ ಕೂತುಬಿಟ್ಟಿತು. ಅದರ ತಪ್ಪಲ್ಲ, ಅದನ್ನು ಮಾಡಿದ್ದು ಚೀಲ, ಕ್ವಿಂಟಲ್, ಹಮಾಲಿ ಲೆಕ್ಕಕ್ಕೆ.

ಆದರೆ ಈ ಕಾಳಿನ ಕಥೆಯಲ್ಲಿ ನಮ್ಮ ಸಂಖ್ಯೆ ಕೂತಿರುವ ಜಾಗ ನೋಡಿ. ಮೊದಲ 32 ಮನೆ, ಅಂದರೆ ಅರ್ಧ ಹಲಗೆ ತುಂಬಲು ಬೇಕಾದ ಕಾಳು 4294967295. ಸಾವಿರ ಕಾಳಿಗೆ 12 ಗ್ರಾಂ ಅಂತ ಹಿಡಿದರೆ ಸುಮಾರು 515 ಕ್ವಿಂಟಲ್. 25 ಕಿಲೋದ ಚೀಲ 2061, ಮೇಲೆ ಅರ್ಧ ಚೀಲದಷ್ಟು. ಇದು ಆಗುವ ಮಾತು. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟು ಬೆಳೆ ಚೆನ್ನಾಗಿ ಬಂದರೆ ನಮ್ಮ ಊರಿನ ಮಿಲ್ಲುಗಳಿಗೆ ಇದು ದೊಡ್ಡ ಆರ್ಡರ್ರೇ ಅಲ್ಲ. ಸಾಹುಕಾರರಿಗೆ ಹೇಳಿದೆ, "ಅಡ್ವಾನ್ಸ್ ಕೊಟ್ರ ನಾಳೆನೇ ಲೋಡ್ ಮಾಡೋಣ" ಅಂದರು. ಪೂರ್ತಿ ಹಲಗೆಗೆ ಎಷ್ಟು ಅಂತ ಕೇಳಿದರು. ಅಲ್ಲಿದೆ ನೋಡಿ ವಿಷಯ. ಪೂರ್ತಿ 64 ಮನೆಗೆ 18446744073709551615 ಕಾಳು. ಅದು ಅರ್ಧ ಹಲಗೆಯ ಎಷ್ಟು ಪಟ್ಟು? ಸರಿಯಾಗಿ 4294967297 ಪಟ್ಟು. ಹೆಚ್ಚಿಲ್ಲ, ಕಡಿಮೆಯಿಲ್ಲ. ಅಂದರೆ ಆ 2061 ಚೀಲದ ಲೋಡನ್ನು ನಾನೂರಾ ಇಪ್ಪತ್ತೊಂಬತ್ತು ಕೋಟಿ ಚಿಲ್ಲರೆ ಸಲ ಕಳಿಸಬೇಕು. ಟನ್ನಿಗೆ ತಂದರೆ 22 ಸಾವಿರ ಕೋಟಿ ಟನ್ ದಾಟುತ್ತದೆ. ಜಗತ್ತೇ ಸೇರಿ ವರ್ಷಕ್ಕೆ ಬೆಳೆಯುವ ಅಕ್ಕಿ 50 ಕೋಟಿ ಟನ್ ಆಸುಪಾಸು. ನಾನೂರು ವರ್ಷ ಯಾರೂ ಅನ್ನ ಉಣ್ಣದೆ ಕೂಡಿಟ್ಟರೂ ಸಾಲದು. ಸಾಹುಕಾರರು ಒಂದು ನಿಮಿಷ ಸುಮ್ಮನಿದ್ದು, "ಜಿಎಸ್‌ಟಿ ಎಷ್ಟಾಗ್ತದೋ" ಅಂದು ಎದ್ದು ಹೋದರು.

ಆ ಇಪ್ಪತ್ತು ಅಂಕಿಯ ಸಂಖ್ಯೆಯ ಹೊಟ್ಟೆಯಲ್ಲಿ ಇರುವುದೂ ಇವೇ: 3, 5, 17, 257, 65537, ಜೊತೆಗೆ 641 ಮತ್ತು 6700417. ಫರ್ಮಾ ಬರೆದ ಐದೂ ಒಂದು ಅರ್ಧದಲ್ಲಿ, ಅವನು ಎಡವಿದ ಆರನೆಯದು ಇನ್ನೊಂದು ಅರ್ಧದಲ್ಲಿ. 991 ಇದನ್ನು 1.844674407 ಗುಣಿಲೆ ಹತ್ತರ 19ನೇ ಘಾತ ಅಂತಷ್ಟೇ ತೋರಿಸುತ್ತದೆ, ಬಿಡಿಸಲು ಹೇಳಿದರೆ ಒಲ್ಲೆ ಅನ್ನುತ್ತದೆ. ಹತ್ತು ಅಂಕಿ ದಾಟಿತಲ್ಲ.

ಯಂತ್ರ ಇಲ್ಲದವರ ಮಾತೂ ಬರಲಿ. 1812ರ ಹೊತ್ತಿಗೆ ಅಮೆರಿಕದಿಂದ ಝೆರಾ ಕೋಲ್ಬರ್ನ್ ಎಂಬ ಎಂಟು ವರ್ಷದ ಹುಡುಗನನ್ನು ಲಂಡನ್ನಿಗೆ ಕರೆದುಕೊಂಡು ಬಂದು ಜನರ ಮುಂದೆ ಲೆಕ್ಕ ಮಾಡಿಸುತ್ತಿದ್ದರು. ಅವನಿಗೆ ಇದೇ 4294967297 ಕೊಟ್ಟರೆ ಬಾಯಲ್ಲೇ 641 ಮತ್ತು 6700417 ಎಂದನಂತೆ. ನಮ್ಮ ಬೆಂಗಳೂರಿನ ಶಕುಂತಲಾ ದೇವಿಯವರು 1980ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಯ ಎರಡು ಸಂಖ್ಯೆ ಗುಣಿಸಿ 28 ಸೆಕೆಂಡಿನಲ್ಲಿ 26 ಅಂಕಿಯ ಉತ್ತರ ಹೇಳಿದರು. 991ಕ್ಕೆ ಅದೇ ಲೆಕ್ಕ ಕೊಟ್ಟರೆ ಮೊದಲ ಹತ್ತು ಅಂಕಿ ಹೇಳಿ ಬಾಕಿ ಹದಿನಾರು ಬಿಟ್ಟುಬಿಡುತ್ತದೆ. ಇದು ಯಂತ್ರದ ಮೇಲಿನ ದೂರಲ್ಲ, ಸುಮ್ನೆ ನೆನಪಾಯಿತು.

ಕೊಳ್ಳುವವರಿಗೆ ಎರಡು ಮಾತು. ಅಂಗಡಿಯಲ್ಲೇ ಎರಡರ 32ನೇ ಘಾತ ಹಾಕಿ, ಒಂದು ಸೇರಿಸಿ, ಕೊನೆಯ ಅಂಕಿ 6 ಇದ್ದದ್ದು 7 ಆಯಿತಾ ನೋಡಿ. ಆಮೇಲೆ ಫ್ಯಾಕ್ಟ್ ಒತ್ತಿ ಬ್ರಾಕೆಟ್ ಬಂತಾ ನೋಡಿ. ಅರ್ಧ ನಿಮಿಷದ ಕೆಲಸ. ಸೋಲಾರ್ ಪಟ್ಟಿ ಇದೆ, ಒಳಗೆ ಬಟನ್ ಸೆಲ್ಲೂ ಇದೆ, ಕರೆಂಟಿನ ಚಿಂತೆ ಇಲ್ಲ. ಪಿಯುಸಿ ಮಕ್ಕಳಿಗೆ ಕೊಡಿಸುವವರು ಯೋಚಿಸಿ, ಸಿಇಟಿಯಲ್ಲಿ ಕ್ಯಾಲ್ಕುಲೇಟರ್ ಬಿಡುವುದಿಲ್ಲ. ನನ್ನಂತೆ ಮಿಲ್ಲಿನಲ್ಲಿ ದಿನಕ್ಕೆ ನೂರು ಬಿಲ್ ಕೂಡಿಸುವವರಿಗೆ ಇದು ಬೇಡ, ಬಟನ್ ಸಣ್ಣವು, ದೊಡ್ಡ ಬಟನ್ನಿನ 12 ಅಂಕಿಯದೇ ಸರಿ. ಒಟ್ಟು ಐದಕ್ಕೆ ನಾಲ್ಕೂವರೆ ಕೊಡುತ್ತೇನೆ.

ಹುಡುಗಿ ಈಗ ಹಾಸ್ಟೆಲಿನಲ್ಲಿದ್ದಾಳೆ. ಹೋದ ವಾರ ಫೋನ್ ಮಾಡಿ, "ಮಾಮಾ, ಆ ಸಾಲಿನಲ್ಲಿ ಏಳನೆಯದು ಹೇಗೆ?" ಅಂದಳು. ಏಳನೆಯದು 18446744073709551617, ಹಲಗೆಯ ಕಾಳಿಗಿಂತ ಎರಡೇ ಹೆಚ್ಚು. ಫ್ಯಾಕ್ಟ್ ಒತ್ತಿದರೆ ಎರರ್. ಇದಕ್ಕೆ 128 ಅಲ್ಲ, 256ರ ನಿಯಮ ಅಂತ ಹೇಳಿಕೊಟ್ಟೆ. 257, 769 ಹೀಗೆ 256ರ ಪಟ್ಟಿಗೆ ಒಂದು ಸೇರಿಸಿದಾಗ ಬರುವ ಅವಿಭಾಜ್ಯಗಳಿಂದ ಮಾತ್ರ ನೋಡಬೇಕು. ಇಪ್ಪತ್ತು ಅಂಕಿ ಹಾಕುವುದೂ ಬೇಡ: 4294967296ನ್ನು ಭಾಗಿಸಿ ಶೇಷ ತೆಗೆ, ಶೇಷದ ವರ್ಗ ಮಾಡು, ಒಂದು ಸೇರಿಸು, ಮತ್ತೆ ಭಾಗಿಸು. ಎಲ್ಲಾ 991ರ ಹೊಟ್ಟೆಯಲ್ಲಿ ಹಿಡಿಸುತ್ತದೆ. ಇದನ್ನು 1880ರಲ್ಲಿ ಒಡೆದ ಫ್ರಾನ್ಸಿನ ಲಾಂಡ್ರಿಗೆ ಆಗ 82 ವರ್ಷ, ನಿನಗೆ 18 ಅಂದೆ. ನಿನ್ನೆ ರಾತ್ರಿ ಮೆಸೇಜ್ ಹಾಕಿದ್ದಾಳೆ, 256ರ 90ನೇ ಪಟ್ಟು ಮುಗಿಯಿತಂತೆ. ಉತ್ತರ ಇರುವುದು 1071ನೇ ಪಟ್ಟಿನಲ್ಲಿ, 274177. ನಾನು ಹೇಳಿಲ್ಲ. ಅವಳು ಈ ರಿವ್ಯೂ ಓದದಿದ್ದರೆ ಸಾಕು.